ಹಕ್ಕು ಬಿಡುವ ಕಾಗದ ಕನ್ನಡದಲ್ಲಿದೆ

ಕರ್ನಾಟಕದ ಕಾನೂನು ಅಧ್ಯಾಪಕರಿಗೆ, ಸಂಶೋಧಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ತಾಲೂಕು ಕೋರ್ಟಿನಲ್ಲಿ ಸಿವಿಲ್ ಕೇಸು ನಡೆಸುವ ವಕೀಲೆ. ಪಾಲಿನ ದಾವೆ, ದಾರಿ ತಕರಾರು, ಖಾತೆ ಬದಲಾವಣೆ, ಪೋಡಿ ಇಂಥವೇ ನನ್ನ ನಿತ್ಯದ ಕೆಲಸ. ನಿಮ್ಮಲ್ಲಿ ಕೆಲವರು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿದ್ದೀರಿ, ಕೆಲವರು ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿದ್ದೀರಿ, ಕೆಲವರು ಪಿಎಚ್.ಡಿ.ಗೆಂದು ಹಳ್ಳಿ ಹಳ್ಳಿ ತಿರುಗುತ್ತಿದ್ದೀರಿ. ನೀವು ಬರೆದದ್ದನ್ನು ಕೈಗೆ ಸಿಕ್ಕಷ್ಟು ಓದುತ್ತೇನೆ. ವಾದಕ್ಕೆ ಎದ್ದು ನಿಲ್ಲುವ ಮುಂಚೆ ನಿಮ್ಮ ಲೇಖನವೊಂದು ನನಗೆ ದಾರಿ ತೋರಿಸಿದ್ದೂ ಉಂಟು. ಆ ಋಣ ನೆನೆದೇ ಒಂದು ಮಾತು ಕೇಳುತ್ತಿದ್ದೇನೆ. ಯಾರ ಬದುಕಿನ ಮೇಲೆ ಸಂಶೋಧನೆ ಮಾಡುತ್ತೀರೋ ಅವರ ಮುಂದೆ ಕೂತು ಓದಿ ಹೇಳಬಹುದಾದ ಕನ್ನಡದಲ್ಲಿ ನೀವೇ ಬರೆಯಿರಿ. ಬೇರೆ ಯಾರೋ ಅನುವಾದ ಮಾಡಲಿ, ಪತ್ರಿಕೆಯವರು ಸರಳ ಮಾಡಿಕೊಳ್ಳಲಿ ಎಂದು ಬಿಟ್ಟುಬಿಡಬೇಡಿ.

ಇದನ್ನು ಸಾಮಾನ್ಯ ಮಾತಾಗಿ ಹೇಳಿದರೆ ಎಲ್ಲರೂ ತಲೆದೂಗುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಹಾಗಾಗಿ ನನಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯ ಹಿಡಿದು ಹೇಳುತ್ತೇನೆ: ಹೆಣ್ಣುಮಕ್ಕಳ ಪಾಲು.

ಯಾವುದಾದರೂ ತಾಲೂಕಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ ಒಂದು ಬೆಳಿಗ್ಗೆ ಹೋಗಿ ನಿಲ್ಲಿ. ಅಪ್ಪ ತೀರಿಕೊಂಡು ವರ್ಷ ತುಂಬಿರುತ್ತದೆ. ಪಹಣಿಯಲ್ಲಿ ಹೆಸರು ಬದಲಾಗಬೇಕು. ಅಣ್ಣನಿಗೆ ಬ್ಯಾಂಕಿನಲ್ಲಿ ಸಾಲ ಬೇಕಾಗಿದೆ, ಇಲ್ಲವೇ ಜಮೀನು ಮಾರುವ ಮಾತುಕತೆ ಮುಗಿದು, ಕೊಳ್ಳುವವರು ‘ಮೊದಲು ಹೆಣ್ಣುಮಕ್ಕಳ ಸಹಿ ಆಗಲಿ’ ಎಂದಿದ್ದಾರೆ. ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರಿದೆಯಲ್ಲ, ಅವರನ್ನು ಗಂಡನ ಮನೆಯಿಂದ ಕರೆಸಿ, ಊಟ ಹಾಕಿ, ಆಟೋದಲ್ಲಿ ಕರೆತಂದಿರುತ್ತಾರೆ. ಎದುರಿನ ಪತ್ರ ಬರಹಗಾರರ ಅಂಗಡಿಯಲ್ಲಿ ಹಕ್ಕು ಬಿಡುಗಡೆ ಪತ್ರ ಸಿದ್ಧವಾಗಿದೆ. ಅದರ ಒಕ್ಕಣೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ತವರಿನ ಸ್ವತ್ತಿನಲ್ಲಿ ತನಗಿರುವ ಹಕ್ಕನ್ನು ಅರಿಶಿನ ಕುಂಕುಮದ ಬಾಬ್ತು ಇಷ್ಟು ರೂಪಾಯಿ ಪಡೆದು, ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ ಬಿಟ್ಟುಕೊಟ್ಟಿದ್ದೇನೆ, ಮುಂದೆ ನನ್ನಿಂದಾಗಲಿ ನನ್ನ ವಾರಸುದಾರರಿಂದಾಗಲಿ ಯಾವ ತಂಟೆ ತಕರಾರೂ ಇರುವುದಿಲ್ಲ, ಓದಿಸಿ ಕೇಳಿ ಒಪ್ಪಿ ಸಹಿ ಮಾಡಿದ್ದೇನೆ. ಒಳಗೆ ಕಂಪ್ಯೂಟರಿನ ಮುಂದೆ ಕೂರಿಸಿ ಫೋಟೊ ತೆಗೆಯುತ್ತಾರೆ, ಹೆಬ್ಬೆರಳು ಒತ್ತಿಸಿಕೊಳ್ಳುತ್ತಾರೆ, ‘ಒಪ್ಪಿಗೆ ಇದೆಯೇನಮ್ಮ’ ಎಂದು ಕೇಳುತ್ತಾರೆ. ಆಕೆ ಅಣ್ಣನ ಮುಖ ನೋಡಿ ಹೂಂ ಅನ್ನುತ್ತಾಳೆ.

ಆ ಪತ್ರದ ಒಂದೊಂದು ಪದವೂ ಕನ್ನಡದ್ದು. ಓದು ಬರಹ ಬರದ ಹೆಂಗಸಿಗೂ ಅದು ಅರ್ಥವಾಗುತ್ತದೆ. ಅವಳ ಕೈಗೆ ಎಂದೂ ಬಾರದಿರುವುದು ಇನ್ನೊಂದು ಕಾಗದ. ಬಿಟ್ಟುಕೊಡುತ್ತಿರುವ ಆ ಹಕ್ಕು ಎಷ್ಟು, ಎಲ್ಲಿಂದ ಬಂತು, ಬಿಟ್ಟರೆ ಏನಾಗುತ್ತದೆ, ಬಿಡದಿದ್ದರೆ ಏನಾಗುತ್ತದೆ ಎಂದು ಹೇಳುವ ಕಾಗದ. ಅದು ಇಂಗ್ಲಿಷಿನಲ್ಲಿದೆ, ನಿಮ್ಮ ಗ್ರಂಥಾಲಯಗಳಲ್ಲಿದೆ, ಚಂದಾ ಕಟ್ಟಿದ ಸಂಸ್ಥೆಗಳಿಗೆ ಮಾತ್ರ ತೆರೆಯುವ ನಿಯತಕಾಲಿಕಗಳಲ್ಲಿದೆ. ಹಕ್ಕು ಕಳೆದುಕೊಳ್ಳುವ ಭಾಷೆ ಕನ್ನಡ, ಹಕ್ಕಿನ ಬಗ್ಗೆ ಯೋಚಿಸುವ ಭಾಷೆ ಇಂಗ್ಲಿಷ್ ಎಂದಾಗಿಬಿಟ್ಟಿದೆ. ನನಗೆ ಸಹಿಸಲಾಗದ ಸಂಗತಿ ಇದು.

ಈ ಹೆಣ್ಣುಮಕ್ಕಳ ವಿಷಯ ವಿದ್ವಾಂಸರಿಗೆ ಗೊತ್ತಿಲ್ಲವೆಂದಲ್ಲ. ಬಹಳ ಹಿಂದಿನಿಂದಲೂ ಗೊತ್ತಿದೆ, ಮತ್ತು ಆ ಕಥೆಯಲ್ಲಿ ನಮ್ಮ ನಾಡು ಮೊದಲ ಸಾಲಿನಲ್ಲೇ ಇದೆ. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಮಹಿಳೆಯರ ಹಕ್ಕುಗಳಿಗೆಂದೇ ಕಾಯ್ದೆ ಮಾಡಿ, ಮನೆ ಪಾಲಾಗುವಾಗ ತಾಯಿಗೂ ವಿಧವೆಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಭಾಗ ಇಟ್ಟಿತು. 1994ರ ಜುಲೈ 30ರಿಂದ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ ಜಾರಿಗೆ ಬಂದು, ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟು ಹಕ್ಕು ಬಂತು. ಆದರೆ ಆ ದಿನಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ದೇಶಕ್ಕೆಲ್ಲ ಅನ್ವಯವಾಗುವ ತಿದ್ದುಪಡಿ ಬಂದದ್ದು 2005ರಲ್ಲಿ.

ಇನ್ನೂ ಹಿಂದೆ ಹೋದರೆ ಈ ಕಾನೂನಿನ ಬೇರೇ ನಮ್ಮ ನೆಲದಲ್ಲಿದೆ. ಒಟ್ಟು ಕುಟುಂಬದ ಗಂಡುಮಕ್ಕಳಿಗೆ ಹುಟ್ಟಿನಿಂದ ಹಕ್ಕು ಎಂಬ ಸಿದ್ಧಾಂತಕ್ಕೆ ಆಧಾರವಾದ ‘ಮಿತಾಕ್ಷರ’ವನ್ನು ವಿಜ್ಞಾನೇಶ್ವರ ಬರೆದದ್ದು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಕಲ್ಯಾಣದಲ್ಲಿ. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಅದು. ಸಂಸ್ಕೃತದಲ್ಲಿದ್ದ ಆ ಗ್ರಂಥದ ದಾಯಭಾಗದ ಪ್ರಕರಣವನ್ನು ಕೋಲ್‌ಬ್ರೂಕ್ ಎಂಬಾತ 1810ರಲ್ಲಿ ಇಂಗ್ಲಿಷಿಗೆ ತಂದ. ಕಂಪನಿ ಸರ್ಕಾರದ ನ್ಯಾಯಾಧೀಶರು ಓದಿ ತೀರ್ಪು ಕೊಡಬೇಕಿತ್ತು, ಅವರಿಗೆ ಅನುಕೂಲವಾಗಲೆಂದು. ನ್ಯಾಯಾಧೀಶನಿಗೆ ಅರ್ಥವಾಗಬೇಕೆಂಬ ಕಾಳಜಿ ಇನ್ನೂರು ವರ್ಷದಷ್ಟು ಹಳೆಯದು. ಯಾರ ಪಾಲು ನಿರ್ಧಾರವಾಗುತ್ತದೋ ಅವರಿಗೂ ಅರ್ಥವಾಗಬೇಕೆಂಬ ಕಾಳಜಿ ನಮ್ಮ ವಿದ್ಯಾಸಂಸ್ಥೆಗಳಲ್ಲಿ ಇನ್ನೂ ಬೇರೂರಿಲ್ಲ.

1994ರ ನಮ್ಮ ತಿದ್ದುಪಡಿಯಿಂದ ಏನಾಯಿತು? ಇದನ್ನು ಅಳೆದು ನೋಡಿದವರಿದ್ದಾರೆ. ಕ್ಲಾಸ್ ಡೈನಿಂಗರ್, ಅಪರಾಜಿತಾ ಗೋಯಲ್, ಹರಿ ನಾಗರಾಜನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಕರ್ನಾಟಕ ಮತ್ತು ಮಹಾರಾಷ್ಟ್ರದ ಗ್ರಾಮೀಣ ಕುಟುಂಬಗಳ ಮಾಹಿತಿ ಇಟ್ಟುಕೊಂಡು ಅಧ್ಯಯನ ಮಾಡಿದರು. ಕಾಯ್ದೆಯಿಂದಾಗಿ ಹೆಣ್ಣುಮಕ್ಕಳಿಗೆ ಜಮೀನು ಬರುವ ಸಾಧ್ಯತೆ ಹೆಚ್ಚಿತು, ಹುಡುಗಿಯರ ಮದುವೆಯ ವಯಸ್ಸು ಮುಂದಕ್ಕೆ ಹೋಯಿತು, ಓದೂ ಹೆಚ್ಚಿತು, ಆದರೂ ಗಂಡುಮಕ್ಕಳ ಸಮಕ್ಕೆ ಬರಲಿಲ್ಲ ಎಂದು ಕಂಡುಕೊಂಡರು. ಅದು 2013ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮುದ್ರಣಾಲಯ ಹೊರತರುವ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಎಂಥ ಸುದ್ದಿ ಇದು! ಪಾಲು ಸಿಗುವ ಹುಡುಗಿ ಹೆಚ್ಚು ಓದುತ್ತಾಳೆ ಎಂಬುದನ್ನು ನಮ್ಮ ಗ್ರಾಮಸಭೆಗಳಲ್ಲಿ, ಸ್ತ್ರೀಶಕ್ತಿ ಸಂಘಗಳಲ್ಲಿ, ಹೆಣ್ಣುಮಕ್ಕಳ ಹೈಸ್ಕೂಲುಗಳಲ್ಲಿ ಹೇಳಬೇಕಿತ್ತು. ಮಾಹಿತಿ ಕೊಟ್ಟ ಮನೆಗಳಿಗೆ ಅದರ ಗಾಳಿಯೂ ಬೀಸಿರಲಾರದು.

ಬೀನಾ ಅಗರ್ವಾಲ್ ಅವರ ದೊಡ್ಡ ಪುಸ್ತಕ ‘ಎ ಫೀಲ್ಡ್ ಆಫ್ ಒನ್ಸ್ ಓನ್’ 1994ರಲ್ಲೇ ಬಂತು. ದಕ್ಷಿಣ ಏಷ್ಯಾದ ಹೆಂಗಸರು ಜಮೀನಿನ ಹಕ್ಕನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಡುವುದೇಕೆ ಎಂಬುದನ್ನು ಅವರು ಬಿಡಿಸಿ ಬರೆದಿದ್ದಾರೆ. ಗಂಡ ಬಿಟ್ಟರೆ, ಸತ್ತರೆ, ಹೊಡೆದರೆ ಹೋಗಿ ನಿಲ್ಲಲು ತವರೊಂದು ಬೇಕು, ಆ ಬಾಗಿಲು ಮುಚ್ಚದಿರಲಿ ಎಂದು ಹೆಣ್ಣು ಹಕ್ಕು ಬಿಡುತ್ತಾಳೆ ಎಂಬುದು ಅವರ ವಿವರಣೆ. ನನ್ನ ಕಚೇರಿಗೆ ಬರುವ ಹೆಂಗಸರು ಕೇಳುವ ಮೊದಲ ಪ್ರಶ್ನೆಯೂ ಅದೇ: ‘ಕೇಸ್ ಹಾಕಿದ್ರೆ ಅಣ್ಣ ಗೌರಿ ಹಬ್ಬಕ್ಕೆ ಕರೀತಾನಾ ಮೇಡಂ?’ ಅವರ ಈ ಭಯವನ್ನು ಯಾರೋ ಗಂಭೀರವಾಗಿ ತೆಗೆದುಕೊಂಡು ಪುಟಗಟ್ಟಲೆ ಬರೆದಿದ್ದಾರೆ ಎಂದು ತಿಳಿದರೇ ಅವರಿಗೆ ಎಷ್ಟು ಧೈರ್ಯ ಬರುತ್ತದೆಂಬುದನ್ನು ಕಣ್ಣಾರೆ ಕಂಡಿದ್ದೇನೆ. ‘ನಾನೊಬ್ಬಳೇ ಹಿಂಗೆ ಹೆದರ್ಕಂಡಿದೀನಿ ಅನ್ಕಂಡಿದ್ದೆ’ ಎಂದಳು ಒಬ್ಬಳು.

ಈಗ ಒಂದು ಕಹಿ ಕಾಲದ ಮಾತು. 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಕರ್ನಾಟಕದಿಂದಲೇ ಹೋದ ಮೇಲ್ಮನವಿಯೊಂದರಲ್ಲಿ, ಹೊಸ ಕಾಯ್ದೆ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ಅಪ್ಪನೂ ಬದುಕಿದ್ದರೆ ಮಾತ್ರ ಮಗಳಿಗೆ ಅದರ ಹಕ್ಕು ಎಂದಿತು. 2018ರ ಫೆಬ್ರವರಿಯಲ್ಲಿ, ಅದೂ ನಮ್ಮ ರಾಜ್ಯದ್ದೇ ಇನ್ನೊಂದು ಕೇಸಿನಲ್ಲಿ, 2001ರಲ್ಲೇ ತೀರಿಕೊಂಡಿದ್ದ ಅಪ್ಪನ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಎರಡೂ ಇಬ್ಬರು ನ್ಯಾಯಮೂರ್ತಿಗಳ ಪೀಠದ ತೀರ್ಪುಗಳು. ಅಪ್ಪ ಆ ದಿನ ಬದುಕಿರಬೇಕಿಲ್ಲ ಎಂದು ಮೂವರ ಪೀಠ ಗೊಂದಲ ಬಗೆಹರಿಸಿದ್ದು 2020ರ ಆಗಸ್ಟ್ 11ರಂದು. ನಡುವಿನ ಈ ಐದು ವರ್ಷ, ಮೊದಲ ತೀರ್ಪು ಪ್ರಶ್ನಾತೀತವೇನಲ್ಲ, ಕಾಯ್ದೆಯ ಪದಗಳಿಗೆ ಅದು ಸರಿಹೊಂದುತ್ತದೆಯೇ ಎಂಬ ಚರ್ಚೆ ಇದೆ ಎಂದು ತಾಲೂಕು ಮಟ್ಟದಲ್ಲಿ ಕನ್ನಡದಲ್ಲಿ ಹೇಳುವವರಿರಲಿಲ್ಲ. ‘ಅಪ್ಪ 2005ಕ್ಕೆ ಮುಂಚೆ ಸತ್ತಿದ್ರೆ ಏನೂ ಬರಲ್ಲ’ ಎಂಬ ಒಂದು ಸಾಲು ಊರೂರು ಸುತ್ತಿತು. ಆ ಸಾಲಿಗೆ ಹೆದರಿ ಸಿಕ್ಕಷ್ಟಕ್ಕೆ ರಾಜಿಯಾದ ಹೆಣ್ಣುಮಕ್ಕಳನ್ನು ನಾನು ಬಲ್ಲೆ. ರಾಜಿ ಡಿಕ್ರಿ ಆಗಿಹೋದ ಮೇಲೆ 2020ರ ತೀರ್ಪು ತೋರಿಸಿ ಅವರಿಗೆ ಏನು ಹೇಳಲಿ?

ಪತ್ರಿಕೆಯವರ ಕೆಲಸ, ವಕೀಲರ ಕೆಲಸ, ಕಾನೂನು ಸೇವಾ ಪ್ರಾಧಿಕಾರದ ಕೆಲಸ ಎನ್ನಬಹುದು ನೀವು. ಅವರು ಮಾಡಬೇಕಾದದ್ದು ಇದ್ದೇ ಇದೆ. ಆದರೆ ಪತ್ರಿಕೆ ತೀರ್ಪು ಬಂದ ದಿನ ಬರೆಯುತ್ತದೆ. ವಕೀಲರಾದ ನಾವು ಒಂದು ಪಕ್ಷದ ಕಡೆ ನಿಂತವರು. ಪ್ರಾಧಿಕಾರದ ಕರಪತ್ರದಲ್ಲಿ ಕಾಯ್ದೆಯ ಕಲಮು ಇರುತ್ತದೆ, ಆ ಕಲಮಿನ ಸುತ್ತ ಇರುವ ಅನುಮಾನ ಇರುವುದಿಲ್ಲ. ಹತ್ತಾರು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ‘ಇಲ್ಲಿ ಕಾನೂನು ಗಟ್ಟಿಯಾಗಿದೆ, ಇಲ್ಲಿ ಅಲುಗಾಡುತ್ತಿದೆ, ಇದು ಬದಲಾಗಬಹುದು’ ಎಂದು ಯಾರ ಹಂಗೂ ಇಲ್ಲದೆ ಹೇಳಬಲ್ಲವರು ನೀವು.

ಇದರಿಂದ ನಿಮ್ಮ ವಿದ್ವತ್ತಿಗೂ ಲಾಭವಿದೆ. ಒಮ್ಮೆ ಎಲ್‌ಎಲ್‌ಎಂ ವಿದ್ಯಾರ್ಥಿನಿಯೊಬ್ಬಳು ಪ್ರಶ್ನಾವಳಿ ಹಿಡಿದು ನಮ್ಮ ತಾಲೂಕಿಗೆ ಬಂದಿದ್ದಳು. ಜಾಣ ಹುಡುಗಿ, ಶ್ರದ್ಧೆಯವಳು. ರಿಜಿಸ್ಟ್ರಾರ್ ಕಚೇರಿಯ ಹೊರಗೆ ಕೂತ ಹೆಂಗಸರನ್ನು ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಒಂದು: ನೀವು ಸ್ವಇಚ್ಛೆಯಿಂದ ಹಕ್ಕು ಬಿಟ್ಟುಕೊಡುತ್ತಿದ್ದೀರಾ? ಹೌದು, ಇಲ್ಲ. ವಯಸ್ಸಾದ ಹೆಂಗಸೊಬ್ಬಳು ಪ್ರಶ್ನೆ ಕೇಳಿಸಿಕೊಂಡು, ಸ್ವಲ್ಪ ದೂರದಲ್ಲಿ ನಿಂತಿದ್ದ ತಮ್ಮನ ಕಡೆ ಕಣ್ಣು ಹಾಯಿಸಿ, ‘ಅವ್ನು ಇಲ್ಲೇ ನಿಂತಿರುವಾಗ ಕೇಳಿದ್ರೆ ಹೌದು ಅಂತೀನಿ. ಬರ್ಕೊ. ನಾಳೆ ನಮ್ಮನೇಗೆ ಬಂದು ಕೇಳವ್ವ’ ಎಂದಳು. ಹುಡುಗಿ ಮರುದಿನ ಹೋದಳು. ಅಲ್ಲಿ ಸಿಕ್ಕ ಉತ್ತರ ಬೇರೆ. ಆಮೇಲೆ ಅವಳು ಕೇಳುವ ಕ್ರಮವನ್ನೇ ಬದಲಿಸಿಕೊಂಡು, ಮನೆಮನೆಗೆ ಹೋಗಿ, ಅಡುಗೆಮನೆಯಲ್ಲಿ ಕೂತು ಕೇಳಿದಳು. ಆ ಅಜ್ಜಿ ಕಾನೂನಿನ ಸಂಶೋಧನೆಗೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಮುಗಿದ ಪ್ರಬಂಧ ಇಂಗ್ಲಿಷಿನಲ್ಲಿದೆ, ರಟ್ಟು ಕಟ್ಟಿ ಕಾಲೇಜಿನ ಕಪಾಟಿನಲ್ಲಿದೆ. ಅಜ್ಜಿಗೆ ಅದರ ಒಂದು ಪುಟವನ್ನಾದರೂ ಕನ್ನಡದಲ್ಲಿ ಓದಿ ಹೇಳಿದ್ದರೆ, ಅವಳು ಇನ್ನೂ ನಾಲ್ಕು ಕಡೆ ‘ಇದು ಹಿಂಗಲ್ಲ ಕಣವ್ವ’ ಎನ್ನುತ್ತಿದ್ದಳೆಂದು ನನಗೆ ಖಾತ್ರಿ ಇದೆ. ಮೌಖಿಕ ಪರೀಕ್ಷೆಯಲ್ಲಿ ಯಾವ ಪ್ರಾಧ್ಯಾಪಕರೂ ಕೇಳಲಾಗದ ಪ್ರಶ್ನೆಗಳು ಅವು.

ಕಾನೂನು ಅಧ್ಯಾಪಕರು ಜನರನ್ನು ನೆನೆದು ಬರೆದಾಗ ಏನಾಗುತ್ತದೆ ಎಂಬುದಕ್ಕೆ ನಿಮ್ಮ ವೃತ್ತಿಯ ಚರಿತ್ರೆಯಲ್ಲೇ ಸಾಕ್ಷಿಯಿದೆ. ಮಹಾರಾಷ್ಟ್ರದ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಪೊಲೀಸ್ ಠಾಣೆಯೊಳಗೇ ನಡೆದ ಅತ್ಯಾಚಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿತು. ಮೈಮೇಲೆ ಗಾಯವಿಲ್ಲ, ಪ್ರತಿರೋಧ ತೋರಿದ ಗುರುತಿಲ್ಲ ಎಂಬುದು ಕಾರಣಗಳಲ್ಲೊಂದು. 1979ರ ಸೆಪ್ಟೆಂಬರಿನಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಮ್‌ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ವಿದ್ವಾಂಸರು ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಮಣಿಯುವುದಕ್ಕೂ ಒಪ್ಪುವುದಕ್ಕೂ ಇರುವ ಅಂತರವನ್ನು ತೀರ್ಪು ಮರೆತಿದೆ ಎಂದು ಅವರು ನೇರವಾಗಿ ಹೇಳಿದರು. ಅದೇ ಮಾತು ಅಡಿಟಿಪ್ಪಣಿಗಳೊಂದಿಗೆ ಒಂದು ಕಾನೂನು ನಿಯತಕಾಲಿಕದಲ್ಲಷ್ಟೇ ಬಂದಿದ್ದರೆ ನಾಲ್ಕು ಜನ ಉಲ್ಲೇಖಿಸುತ್ತಿದ್ದರು. ಪತ್ರವಾಗಿ ಬಂದದ್ದರಿಂದ ಮಹಿಳಾ ಸಂಘಟನೆಗಳ ಕೈ ಸೇರಿತು, ಬೀದಿಗೆ ಬಂತು. 1983ರಲ್ಲಿ ಕಾನೂನೇ ತಿದ್ದುಪಡಿಯಾಯಿತು. ಪೊಲೀಸರ ವಶದಲ್ಲಿರುವಾಗ ನಡೆದ ಅತ್ಯಾಚಾರದ ಪ್ರಕರಣದಲ್ಲಿ ಹೆಣ್ಣು ‘ಒಪ್ಪಿರಲಿಲ್ಲ’ ಎಂದರೆ ಕೋರ್ಟು ಹಾಗೆಂದೇ ಭಾವಿಸಬೇಕೆಂಬ ನಿಯಮ ಸಾಕ್ಷ್ಯ ಕಾಯ್ದೆಗೆ ಸೇರಿತು.

ಸರಳ ಮಾಡಿದರೆ ನಿಖರತೆ ಹೋಗುತ್ತದೆ ಎಂಬ ನಿಮ್ಮ ಅಳುಕು ನನಗೆ ಗೊತ್ತು. ಅದು ಗೌರವಿಸಬೇಕಾದ ಅಳುಕು, ಏಕೆಂದರೆ ಕಾನೂನಿನಲ್ಲಿ ಒಂದು ‘ಆದರೆ’ ಬಿಟ್ಟರೆ ಒಬ್ಬರ ಮನೆ ಹೋಗಬಹುದು. 2020ರ ಆಗಸ್ಟಿನ ತಲೆಬರಹಗಳನ್ನು ನೆನೆಯಿರಿ. ‘ಅಪ್ಪನ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು’ ಎಂಬ ಆ ಒಂದು ಸಾಲಿನಿಂದ ಅಪ್ಪ ದುಡಿದು ಕೊಂಡ ಸೈಟಿಗೂ, ಅಪ್ಪ ಬದುಕಿರುವಾಗಲೇ, ದಾವೆ ಹಾಕಬಹುದೆಂದು ತಿಳಿದು ಬಂದವರನ್ನು ನಾನೇ ವಾಪಸ್ ಕಳಿಸಿದ್ದೇನೆ. ಆದರೆ ನಿಖರತೆಯನ್ನೂ ಉಳಿಸಿಕೊಂಡು ಕನ್ನಡದಲ್ಲಿ ಹೇಳಲು ಬರುತ್ತದೆ. ನನ್ನ ಕೈಲಾದ ಮಟ್ಟಿಗೆ ಬರೆದು ತೋರಿಸುತ್ತೇನೆ, ನೀವು ಇದಕ್ಕಿಂತ ಚೆನ್ನಾಗಿ ಬರೆಯುತ್ತೀರಿ.

‘ತಾಯೀ, ಆಸ್ತಿ ಎರಡು ಬಗೆ. ನಿಮ್ಮ ತಂದೆ ತಾವೇ ದುಡಿದು ಕೊಂಡದ್ದಾದರೆ ಬದುಕಿರುವವರೆಗೆ ಅದು ಅವರದು. ಮಾರಬಹುದು, ಬೇಕಾದವರಿಗೆ ಕೊಡಬಹುದು, ಉಯಿಲು ಬರೆಯಬಹುದು. ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಂದೆಯ ತಾಯಿ ಬದುಕಿದ್ದರೆ ಅವರು, ಎಲ್ಲರಿಗೂ ಒಂದೇ ಸಮ. ಇದು 1956ರಿಂದಲೂ ಇರುವ ಕಾನೂನು. ತಾತ ಮುತ್ತಾತನಿಂದ ಬಂದು ಒಟ್ಟು ಕುಟುಂಬದ್ದಾಗಿಯೇ ಉಳಿದಿರುವ ಆಸ್ತಿ ಇನ್ನೊಂದು ಬಗೆ. ಅದರಲ್ಲಿ ನಿಮಗೆ ಹುಟ್ಟಿನಿಂದಲೇ ಅಣ್ಣತಮ್ಮಂದಿರಷ್ಟು ಪಾಲಿದೆ. ನಿಮಗೆ ಮದುವೆ ಯಾವಾಗ ಆಯಿತು ಎಂಬುದು ಲೆಕ್ಕಕ್ಕಿಲ್ಲ. 2005ರಲ್ಲಿ ತಂದೆ ಬದುಕಿದ್ದರೇ ಎಂಬುದೂ ಲೆಕ್ಕಕ್ಕಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ಆ ಆಸ್ತಿ ಮಾರಾಟವಾಗಿದ್ದರೆ, ಅಥವಾ ರಿಜಿಸ್ಟರಾದ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಪಾಲಾಗಿದ್ದರೆ, ಈ ಕಾಯ್ದೆಯ ಹೆಸರಿನಲ್ಲಿ ಅದನ್ನು ಮತ್ತೆ ಕೆದಕಲಾಗದು. “ಬಾಯಿಮಾತಿನಲ್ಲಿ ಪಾಲು ಆಗಿಹೋಗಿದೆ” ಎಂದು ಅಣ್ಣಂದಿರು ಹೇಳಿದರೆ ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ, ಸರ್ಕಾರಿ ದಾಖಲೆಗಳ ಗಟ್ಟಿ ಆಧಾರ ಕೇಳುತ್ತದೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ರಿಜಿಸ್ಟರ್ ಆದರೆ ಪಾಲು ಹೋಯಿತೆಂದೇ ತಿಳಿಯಿರಿ. ಮೋಸದಿಂದಲೋ ಬಲವಂತದಿಂದಲೋ ಸಹಿ ಹಾಕಿಸಿಕೊಂಡಿದ್ದರೆ, ಅದು ಗೊತ್ತಾದ ಮೂರು ವರ್ಷದೊಳಗೆ ಕೋರ್ಟಿಗೆ ಬರಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಕೂರಬೇಡಿ. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ, ತಾಲೂಕು ಕೋರ್ಟಿನಲ್ಲೇ ಅದರ ಸಮಿತಿ ಇದೆ.’

ಇಷ್ಟು ಬರೆದು ಮುಗಿಸುವಾಗಲೇ ಒಂದು ದೊಡ್ಡ ‘ಆದರೆ’ ಉಳಿಯಿತು. ಹಿಂದೂ ಉತ್ತರಾಧಿಕಾರ ಕಾಯ್ದೆ ಪರಿಶಿಷ್ಟ ಪಂಗಡದವರಿಗೆ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು, ಅನ್ವಯಿಸುವುದಿಲ್ಲ. ನಮ್ಮ ನಾಯಕರ ಮನೆಯ, ಸೋಲಿಗರ, ಜೇನುಕುರುಬರ ಹೆಣ್ಣುಮಕ್ಕಳಿಗೆ ಮೇಲಿನ ಪ್ಯಾರಾದ ಭರವಸೆಯನ್ನು ಹಾಗೆಯೇ ಓದಿ ಹೇಳಿದರೆ ತಪ್ಪಾಗುತ್ತದೆ. ಆದಿವಾಸಿ ಹೆಣ್ಣುಮಕ್ಕಳಿಗೆ ಈ ಹಕ್ಕು ಸಿಗುವಂತೆ ಕಾಯ್ದೆ ತಿದ್ದುವುದನ್ನು ಪರಿಶೀಲಿಸಿ ಎಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಕೇಂದ್ರಕ್ಕೆ ಹೇಳಿತು. ಬಳ್ಳಾರಿ, ಚಿತ್ರದುರ್ಗ, ರಾಯಚೂರಿನ ಕೋರ್ಟುಗಳಲ್ಲಿ ನಾಯಕ ಸಮುದಾಯದ ಮಗಳು ಪಾಲು ಕೇಳಿದಾಗ, ಕಾಯ್ದೆಯ ಜಾಗದಲ್ಲಿ ನಿಲ್ಲುವ ಪದ್ಧತಿಯನ್ನು ಯಾರು ಹೇಗೆ ಸಾಬೀತು ಮಾಡುತ್ತಾರೆ? ನಿಮ್ಮಲ್ಲಿ ಯಾರಾದರೂ ಇದನ್ನು ಹಿಡಿದು ಕೂತು, ಕನ್ನಡದಲ್ಲಿ, ಆ ಮನೆಗಳವರೊಡನೆ ಮಾತಾಡಿ ಬರೆದರೆ, ರಾಜ್ಯದ ವಕೀಲರೆಲ್ಲ ಅದನ್ನು ಕೈಯಲ್ಲಿ ಹಿಡಿದು ಓಡಾಡುತ್ತೇವೆ. ಇಂಥ ಸೂಕ್ಷ್ಮಗಳಿಗೇ ನೀವು ಬೇಕು.

ಹೇಗೆ ಬರೆಯಬೇಕೆಂಬುದಕ್ಕೆ ಕನ್ನಡದಲ್ಲಿ ಮಾದರಿಗಳ ಕೊರತೆಯಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆ ಸೇರಿ ‘ವಿಜ್ಞಾನ’ ಪತ್ರಿಕೆ ಶುರುಮಾಡಿದ್ದು 1918ರಲ್ಲಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಜಗತ್ತಿನ ಸಸ್ಯವಿಜ್ಞಾನಿಗಳ ನಡುವೆ ಅವರ ಹೆಸರು ಅದರಿಂದ ಒಂದಿಷ್ಟೂ ಕುಂದಲಿಲ್ಲ. ಕಾನೂನಿನ ಕಡೆಯಿಂದ ನೆನೆದರೆ, ಜಿಲ್ಲಾ ನ್ಯಾಯಾಧೀಶರಾಗಿದ್ದ ಕೋ. ಚೆನ್ನಬಸಪ್ಪನವರು ಕೋರ್ಟಿನ ಅನುಭವವನ್ನು ಕನ್ನಡದಲ್ಲಿ ಬರೆದು, 2013ರ ವಿಜಯಪುರದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಅಧ್ಯಾಪಕರ ಕಡೆಯಿಂದ ಇಂಥ ಪರಂಪರೆಯೊಂದು ಬೆಳೆಯಬೇಕಿತ್ತು. ನಿಖರತೆ ಕೆಡದಂತೆ ಅರ್ಥ ಬಿಡಿಸಿ ಹೇಳುವುದು ಗಮಕದ ಸಭೆಯಲ್ಲಿ ಕೂತವರಿಗೆ ಹೊಸ ಮಾತೇನಲ್ಲ. ಒಬ್ಬರು ಕುಮಾರವ್ಯಾಸನ ಪದ್ಯ ವಾಚಿಸುತ್ತಾರೆ, ಪಕ್ಕದಲ್ಲಿ ಕೂತವರು ವ್ಯಾಖ್ಯಾನ ಮಾಡುತ್ತಾರೆ. ಪದ್ಯ ಒಂದಕ್ಷರ ಬದಲಾಗುವುದಿಲ್ಲ, ಮುಂದೆ ಕೂತ ರೈತನಿಗೂ ಅರ್ಥವಾಗದೆ ಉಳಿಯುವುದಿಲ್ಲ. ವ್ಯಾಖ್ಯಾನಕಾರನನ್ನು ಪಂಡಿತರಿಗಿಂತ ಕಡಿಮೆಯೆಂದು ಆ ಸಭೆಯಲ್ಲಿ ಯಾರೂ ಎಣಿಸುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಇಂಗ್ಲಿಷ್ ವಾಕ್ಯದ ಎಲುಬಿಗೆ ಸಂಸ್ಕೃತದ ಪದಗಳನ್ನು ಅಂಟಿಸಿದ ಸರ್ಕಾರಿ ಭಾಷಾಂತರದಿಂದ ಯಾರಿಗೂ ಉಪಯೋಗವಿಲ್ಲ. ಕೋರ್ಟು, ಕೇಸು, ಡಿಕ್ರಿ, ಸ್ಟೇ, ಇಂಜಂಕ್ಷನ್ ಎಂದೇ ಜನ ಹೇಳುತ್ತಾರೆ. ನೀವೂ ಹಾಗೇ ಬರೆಯಿರಿ.

ಕುಲಪತಿಗಳಿಗೆ, ಪ್ರಾಂಶುಪಾಲರಿಗೆ ಬೇರೆಯಾಗಿ ಒಂದು ಮಾತು. ಕನ್ನಡದಲ್ಲಿ ಬರೆಯಬೇಕೆಂಬ ಆಸೆಯಿದ್ದೂ ಬರೆಯದ ಅಧ್ಯಾಪಕರನ್ನು ನಾನು ಬಲ್ಲೆ. ಬಡ್ತಿಯ ಲೆಕ್ಕಕ್ಕೆ ಅದು ಬರುವುದಿಲ್ಲ ಎನ್ನುತ್ತಾರೆ. ತಿಂಗಳುಗಟ್ಟಲೆ ಕೂತು ಹಳ್ಳಿಯವರಿಗೆ ಅರ್ಥವಾಗುವಂತೆ ಬರೆದ ಪುಸ್ತಿಕೆಗೆ ಅಂಕವಿಲ್ಲ, ಯಾರೂ ಓದದ ನಿಯತಕಾಲಿಕದ ಲೇಖನಕ್ಕೆ ಅಂಕವಿದೆ. ಇದು ಅವರ ತಪ್ಪಲ್ಲ, ವ್ಯವಸ್ಥೆಯದು, ಮತ್ತು ಅದನ್ನು ಬದಲಿಸುವ ಅಧಿಕಾರ ಸ್ವಲ್ಪಮಟ್ಟಿಗಾದರೂ ನಿಮ್ಮ ಕೈಯಲ್ಲಿದೆ. ಪಿಎಚ್.ಡಿ. ಪ್ರಬಂಧವನ್ನು ‘ಶೋಧಗಂಗಾ’ಕ್ಕೆ ಏರಿಸಬೇಕೆಂಬ ನಿಯಮ ಈಗಾಗಲೇ ಇದೆ. ಅದರ ಜೊತೆಗೆ ನಾಲ್ಕು ಪುಟದ ಕನ್ನಡ ಬರಹವೂ ಇರಲಿ ಎಂದು ನಿಮ್ಮ ವಿಶ್ವವಿದ್ಯಾಲಯದ ಮಟ್ಟದಲ್ಲಿ ಮಾಡಬಾರದೇಕೆ? ಕಾನೂನು ಕಾಲೇಜಿನಲ್ಲಿ ಕಾನೂನು ನೆರವು ಕೇಂದ್ರ ಇರಬೇಕೆಂದು ಬಾರ್ ಕೌನ್ಸಿಲಿನ 2008ರ ನಿಯಮಗಳು ಹೇಳುತ್ತವೆ. ಬೋರ್ಡು ಎಲ್ಲ ಕಡೆ ಇದೆ. ಆ ಕೇಂದ್ರಕ್ಕೆ ಬಂದವರ ಕೈಗೆ ಕೊಡಲು ನಿಮ್ಮದೇ ಅಧ್ಯಾಪಕರು ಬರೆದ ಒಂದು ಹಾಳೆ ಇದೆಯೇ, ವಿಚಾರಿಸಿ ನೋಡಿ.

ನಿಮ್ಮ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗ ಹುಡುಗಿಯರನ್ನೂ ಮರೆಯಬೇಡಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದು, ಪರೀಕ್ಷೆಯನ್ನೂ ಕನ್ನಡದಲ್ಲೇ ಬರೆಯುವವರು ಅವರು. ಬಸ್‌ಸ್ಟ್ಯಾಂಡಿನ ಅಂಗಡಿಯ ಗೈಡು, ಸೀನಿಯರುಗಳ ಜೆರಾಕ್ಸ್ ನೋಟ್ಸು ಬಿಟ್ಟರೆ ಅವರಿಗೆ ಓದಲು ಸಿಗುವುದು ಕಡಿಮೆ. ನಾಳೆ ತಾಲೂಕು ಕೋರ್ಟಿನಲ್ಲಿ ಬಡವರ ಕೇಸು ಹಿಡಿಯುವವರು ಅವರೇ. ಅವರಲ್ಲೊಬ್ಬನಿಗೆ ಒಂದು ತೀರ್ಪನ್ನು ಟೀಕಿಸಿ ನೋಡುವ ಒಳ್ಳೆಯ ಲೇಖನ ಕನ್ನಡದಲ್ಲಿ ಸಿಕ್ಕರೆ ಅವನ ವಾದದ ದಾರಿಯೇ ಬದಲಾಗುತ್ತದೆ.

ಇನ್ನು ನನ್ನ ಕಡೆಯಿಂದ ಆಗಬಹುದಾದದ್ದನ್ನು ಹೇಳಿ ಮುಗಿಸುತ್ತೇನೆ. ನಾವು ನಾಲ್ಕೈದು ತಾಲೂಕುಗಳ ಕೆಲವು ವಕೀಲೆಯರು, ಇಬ್ಬರು ಪತ್ರ ಬರಹಗಾರರು, ಅರೆಕಾನೂನು ಸ್ವಯಂಸೇವಕಿಯರು ಸೇರಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಹೆಣ್ಣುಮಕ್ಕಳು ಓದಬೇಕಾದ, ಓದಲು ಬಾರದವರಿಗೆ ಓದಿ ಹೇಳಬೇಕಾದ ಒಂದು ಸಣ್ಣ ಪುಸ್ತಿಕೆ ತರಬೇಕೆಂದಿದ್ದೇವೆ. ಪತ್ರ ಬರಹಗಾರರೇ ಇದಕ್ಕೆ ಮುಂದೆ ಬಂದದ್ದು ನನಗೆ ಬಹಳ ಸಂತೋಷ ಕೊಟ್ಟಿತು. ಆ ಹೆಂಗಸರು ಕೊನೆಯದಾಗಿ ಕೂರುವುದು ಅವರ ಅಂಗಡಿಯ ಬೆಂಚಿನ ಮೇಲೆಯೇ ಅಲ್ಲವೇ? ನಮ್ಮಲ್ಲಿ ಅನುಭವವಿದೆ, ಪ್ರಶ್ನೆಗಳ ರಾಶಿಯೇ ಇದೆ. ಕಾನೂನಿನ ಅನಿಶ್ಚಿತ ಜಾಗಗಳನ್ನು ಗುರುತಿಸಿ ಬರೆಯಬಲ್ಲ ನಿಮ್ಮಲ್ಲಿ ನಾಲ್ವರು ಬೇಕು. ಒಬ್ಬರು ಪರಿಶಿಷ್ಟ ಪಂಗಡದ ಪ್ರಶ್ನೆಯನ್ನು ನೋಡಿಕೊಳ್ಳಬೇಕು, ಒಬ್ಬರು ಮುಸ್ಲಿಂ ಮತ್ತು ಕ್ರೈಸ್ತ ಹೆಣ್ಣುಮಕ್ಕಳ ಪಾಲಿನ ಕಾನೂನನ್ನು. ಉಳಿದ ಇಬ್ಬರು 2020ರ ನಂತರ ನಮ್ಮ ಹೈಕೋರ್ಟು ಕೊಟ್ಟಿರುವ ತೀರ್ಪುಗಳನ್ನು ಓದಿ ಹೇಳಬೇಕು. ಕರಡನ್ನು ನಾವು ರಿಜಿಸ್ಟ್ರಾರ್ ಕಚೇರಿಯ ಹೊರಗೆ, ಸಂಘದ ಸಭೆಗಳಲ್ಲಿ ಓದಿಸುತ್ತೇವೆ. ಅವರು ಎಲ್ಲಿ ತಡೆದು ಪ್ರಶ್ನೆ ಕೇಳಿದರು ಎಂಬುದನ್ನು ಅಂಚಿನಲ್ಲಿ ಬರೆದು ನಿಮಗೆ ಕಳಿಸುತ್ತೇವೆ. ನೀವು ತಿದ್ದಿದ ಮೇಲೆ ಇನ್ನೊಮ್ಮೆ ಓದಿಸುತ್ತೇವೆ. ಅಚ್ಚಿನ ಖರ್ಚಿಗೆ ವ್ಯವಸ್ಥೆ ಆಗಿದೆ.

ಈ ಪತ್ರ ಓದಿದವರು ಈ ಪತ್ರಿಕೆಯ ಸಂಪಾದಕರ ಮೂಲಕ ನನಗೆ ಬರೆಯಬಹುದು. ಸಾಧ್ಯವಾದರೆ ಗೌರಿ ಹಬ್ಬಕ್ಕೆ ಮುಂಚೆ ಬರೆಯಿರಿ. ಹಬ್ಬಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳನ್ನು ಬಾಗಿನ ಕೊಟ್ಟ ಮರುದಿನವೇ ಸಹಿಗೆ ಕರೆದುಕೊಂಡು ಬರುವುದುಂಟು. ಅಷ್ಟರೊಳಗೆ ಮೊದಲ ಕರಡಾದರೂ ನಮ್ಮ ಕೈಯಲ್ಲಿರಬೇಕು.

ಇಂತಿ,
ನಿಮ್ಮ ಬರಹಗಳ ಓದುಗರಲ್ಲೊಬ್ಬಳು,
ತಾಲೂಕು ನ್ಯಾಯಾಲಯದ ಒಬ್ಬ ವಕೀಲೆ